ಅಟ್ಟದ ಕೆಳಗಿನ ಹಾಸಿಗೆ

ನಮ್ಮೂರಿಗೆ ಮದುವೆಗೆಂದು ಬರುವವರು ಹಿತ್ತಾಳೆ ಕೊಡ ತರಲಿ, ಗೋಡೆ ಗಡಿಯಾರ ತರಲಿ, ಬೇಕಾದರೆ ಬರಿಗೈಯಲ್ಲಿ ಬಂದು ಎರಡು ಹೋಳಿಗೆ ಹೆಚ್ಚಿಗೆ ತಿಂದು ಹೋಗಲಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಪುಸ್ತಕ ತಂದರೆ ಮಾತ್ರ ಮನೆಯವರ ಮುಖ ಸಪ್ಪಗಾಗುತ್ತದೆ. ನಮ್ಮಲ್ಲಿ ಓದದೆ ಇಟ್ಟ ಪುಸ್ತಕ ದಿನದಿಂದ ದಿನಕ್ಕೆ ಭಾರವಾಗುತ್ತದೆ. ತಂದ ದಿನ ಎರಡು ಬೆರಳಲ್ಲಿ ಹಿಡಿದದ್ದನ್ನು ಮುಂದಿನ ಹಬ್ಬಕ್ಕೆ ಎರಡು ಕೈಯಲ್ಲಿ ಎತ್ತಬೇಕು. ಅದಕ್ಕೂ ಮುಂದಿನ ಹಬ್ಬಕ್ಕೆ ಸೊಂಟ ಗಟ್ಟಿಯಿರುವವರನ್ನು ಕರೆಸಬೇಕು. ಕೊನೆಯವರೆಗೆ ಓದಿದರೆ ಹಪ್ಪಳದಷ್ಟು ಹಗುರ. ನಡುನಡುವೆ ಹಾರಿಸಿ ಓದಿದರೆ ಹಾರಿಸಿದ ಪುಟಗಳ ಭಾರ ಹಾಗೇ ಉಳಿದು ಪುಸ್ತಕ ಕೈಯಲ್ಲಿ ಒಂದು ಕಡೆಗೆ ವಾಲುತ್ತದೆ. ಹೀಗೇಕೆ ಎಂದು ಹೊರಗಿನವರು ಕೇಳುತ್ತಾರೆ. ನಾವು ಕೇಳಿಕೊಂಡವರಲ್ಲ. ನಿಮ್ಮ ಊರುಗಳಲ್ಲಿ ಓದದ ಪುಸ್ತಕ ಹೇಗೆ ಮೊದಲಿನಷ್ಟೇ ಹಗುರವಾಗಿರುತ್ತದೆ ಎಂಬುದು ನಮಗೆ ಸೋಜಿಗ.

ಇದಕ್ಕೆ ತಕ್ಕಂತೆ ನಾವು ಬದುಕಲು ಕಲಿತಿದ್ದೇವೆ. ಮನೆ ಕಟ್ಟುವವರು ದೇವರ ಮೂಲೆಗಿಂತ ಮೊದಲು ಪುಸ್ತಕದ ಕಪಾಟಿನ ಕೆಳಗಿನ ನೆಲ ಗಟ್ಟಿಯಿದೆಯೇ ಎಂದು ನೋಡುತ್ತಾರೆ. ಹಳೇ ಪೇಪರಿನವನು ತಕ್ಕಡಿ ಹಿಡಿದು ಬರುತ್ತಾನೆ, ಓದದ ಪುಸ್ತಕ ತೋರಿಸಿದರೆ ಮಾತ್ರ ಮುಂದಿನ ಬೀದಿಗೆ ಓಡುತ್ತಾನೆ. ತೂಕಕ್ಕೆ ಕೊಳ್ಳುವವನು ಅವನು, ಮನೆ ಮಠ ಮಾರಿಕೊಳ್ಳಬೇಕಾದೀತು. ಬೇರೆಯವರ ಮನೆಗೆ ಹೋದಾಗ ಅವರ ಕಪಾಟಿನ ಪುಸ್ತಕ ಎತ್ತಿ ನೋಡುವುದು ಇಲ್ಲಿ ದೊಡ್ಡ ಅಸಭ್ಯತೆ. ಆದರೂ ಬರೆಯುವವರ ಚಪಲ ಕೇಳಬೇಕೇ? ನೀರು ತರಲು ಮನೆಯಾಕೆ ಒಳಗೆ ಹೋದ ತಕ್ಷಣ ಎದ್ದು ಹೋಗಿ, ತಾವು ಹಿಂದೆಂದೋ ಪ್ರೀತಿಯಿಂದ ಸಹಿ ಹಾಕಿ ಕೊಟ್ಟ ಪುಸ್ತಕವನ್ನು ಎಡಗೈಯಲ್ಲಿ ಮೆಲ್ಲನೆ ಅಲುಗಿಸಿ ನೋಡುತ್ತಾರೆ. ಊರಿನಲ್ಲಿ ಎಷ್ಟೋ ಸ್ನೇಹಗಳು ಆ ನೀರು ಬರುವಷ್ಟರಲ್ಲಿ ಮುಗಿದಿವೆ.

ನನ್ನ ಉದ್ಯೋಗ ಪುಸ್ತಕ ಹಗುರ ಮಾಡುವುದು. ಹೆಸರು ವಾರಿಜ. ಯಾರ ಮನೆಯಲ್ಲಿ ಕಪಾಟು ನೆಲಕ್ಕೆ ಇಳಿಯತೊಡಗುತ್ತದೋ ಅವರು ನನ್ನನ್ನು ಕರೆಸುತ್ತಾರೆ. ನಾನು ಹೋಗಿ ಮೂಲೆಯಲ್ಲಿ ಕಾಲು ಚಾಚಿ ಕೂತು ಒಂದೊಂದಾಗಿ ಓದಿ ಮುಗಿಸುತ್ತೇನೆ. ಮೂರು ಹೊತ್ತು ಕಾಫಿ ಕೊಡುತ್ತಾರೆ, ಫ್ಯಾನು ಹಾಕುತ್ತಾರೆ. ಪುಸ್ತಕ ಹೇಗಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನಲ್ಲಿ ಅಭಿಪ್ರಾಯಗಳು ಮೂಟೆಗಟ್ಟಲೆ ಬಿದ್ದಿವೆ.

ಈಚೆಗೆ ಓದಿದವನ್ನೇ ತೆಗೆದುಕೊಳ್ಳಿ. ದೊಡ್ಡ ಹುದ್ದೆಯಿಂದ ನಿವೃತ್ತರಾದವರೊಬ್ಬರ ಪ್ರವಾಸ ಕಥನ. ಆರು ದೇಶ ಸುತ್ತಿದ್ದಾರೆ, ಆರರಲ್ಲೂ ಅವರು ಕಂಡುಹಿಡಿದದ್ದು ಅಲ್ಲಿ ಮೊಸರನ್ನ ಸಿಗುವುದಿಲ್ಲ ಎಂಬುದನ್ನು. ಒಂದು ಐತಿಹಾಸಿಕ ಕಾದಂಬರಿ. ಯುದ್ಧಕ್ಕೆ ಹೊರಟ ರಾಜ ಕುದುರೆ ಹತ್ತುವ ಮುಂಚೆ ರಾಣಿಗೆ ತನ್ನ ವಂಶಾವಳಿಯನ್ನೆಲ್ಲ ಹೇಳುತ್ತಾನೆ. ಆ ಮನೆಯಲ್ಲಿ ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಮಾವನ ಹೆಸರು ಗೊತ್ತಿರಲಿಲ್ಲವೇ? ಅದು ಮುಗಿಯುವವರೆಗೆ ಶತ್ರುಸೈನ್ಯ ಕೋಟೆಯ ಹೊರಗೆ ಸುಮ್ಮನೆ ನಿಂತಿದ್ದದ್ದೇ ಆ ಪುಸ್ತಕದ ದೊಡ್ಡ ಪವಾಡ. ಹೊಸ ಹುಡುಗನೊಬ್ಬನ ಕಾದಂಬರಿಯಲ್ಲಿ ನಾಯಕನಿಗೆ ಹೆಸರಿಲ್ಲ, ಕೆಲಸವಿಲ್ಲ, ಹೊಟ್ಟೆ ಹಸಿಯುವುದೂ ಇಲ್ಲ. ಒಂದು ಕಿಟಕಿ ಇದೆ, ಅದರಾಚೆ ನೋಡುತ್ತಾನೆ. ನೋಡಿದ್ದೇನು ಎಂದು ಹೇಳಿದ್ದರೂ ಆಗುತ್ತಿತ್ತು, ಗಾಜಿನಲ್ಲಿ ಕಾಣುವ ತನ್ನ ಮುಖದ ಬಗ್ಗೆಯೇ ಬರೆದಿದ್ದಾನೆ. ಒಂದು ಕವನ ಸಂಕಲನದಲ್ಲಿ ಕವಿತೆಗಳಿಗಿಂತ ಮುನ್ನುಡಿ ಉದ್ದ. ಕವಿತೆಗಳು ಹೇಗೋ ಮುಗಿದವು, ಮುನ್ನುಡಿ ನನ್ನ ರಟ್ಟೆ ಬೀಳಿಸಿತು. ಒಂದು ಆತ್ಮಕಥೆಯಲ್ಲಿ ಲೋಕದಲ್ಲಿ ತಪ್ಪು ಮಾಡದವರು ಬರೆದವರೊಬ್ಬರೇ. ಗೆಲ್ಲುವ ದಾರಿ ತೋರಿಸುವ ಪುಸ್ತಕವೊಂದು, ಕೋಳಿ ಕೂಗುವ ಮುಂಚೆ ಏಳಿ, ಐಶ್ವರ್ಯ ತಾನಾಗಿ ಬರುತ್ತದೆ ಎನ್ನುತ್ತದೆ. ನಮ್ಮ ಬೀದಿಗೆ ಹಾಲು ಹಾಕುವ ಗಂಗಮ್ಮ ಮದುವೆಯಾದಾಗಿನಿಂದ ಆ ಹೊತ್ತಿಗೇ ಏಳುತ್ತಿದ್ದಾಳೆ, ಇನ್ನೂ ಹಾಲೇ ಹಾಕುತ್ತಿದ್ದಾಳೆ.

ಒಳ್ಳೆಯದೂ ಸಿಗುತ್ತದೆ, ಸುಳ್ಳೇಕೆ ಹೇಳಲಿ. ಬಟ್ಟೆ ಒಗೆಯುವ ಕಟ್ಟೆಯ ಮೇಲೆ ದಿನವೂ ಜಗಳವಾಡುವ ಇಬ್ಬರು ಸವತಿಯರ ಬಗ್ಗೆ ಹೊಸಬಳೊಬ್ಬಳು ಸಣ್ಣ ಕಾದಂಬರಿ ಬರೆದಿದ್ದಳು. ಮುಗಿಸಿ, ಎದ್ದು ಮುಖ ತೊಳೆದು ಬಂದು, ಮತ್ತೆ ಮೊದಲಿನಿಂದ ಓದಿದೆ. ಅದೆಷ್ಟು ಹಗುರವಾಯಿತೆಂದರೆ ಫ್ಯಾನಿನ ಗಾಳಿಗೆ ಎದ್ದು ಹೋಗದ ಹಾಗೆ ದಾರ ಕಟ್ಟಿ ಮೊಳೆಗೆ ಬಿಗಿಯಬೇಕಾಯಿತು. ಇದನ್ನು ನೀವು ಓದಲೇಬೇಕು ಎಂದು ಯಜಮಾನರಿಗೆ ಹೇಳಿದೆ. “ಹಗುರ ಆಯ್ತಲ್ಲ, ಸಾಕು ಬಿಡಿ” ಎಂದು ಅವರು ಕಪಾಟಿನ ಬಾಗಿಲು ಹಾಕಿದರು.

ಇನ್ನು ನನ್ನ ಭಾವನ ವಿಷಯ. ಅಕ್ಕ ಇಂದುಮತಿಯ ಗಂಡ ಪಟ್ಟಾಭಿ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದವರು. ಒಳ್ಳೆಯ ಮನುಷ್ಯ. ಅಕ್ಕನ ಮುಂದೆ ಎಂದೂ ದನಿ ಎತ್ತಿದವರಲ್ಲ, ಅವಳಿಗೆ ಜ್ವರ ಬಂದರೆ ತಾವೇ ಗಂಜಿ ಬೇಯಿಸಿ ಕುಡಿಸುತ್ತಾರೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಅವಕಾಶ ಕಡಿಮೆ. ನಿವೃತ್ತಿಯ ಮಾರನೆಯ ದಿನ ಅವರು ಚಿರಂತನ ಎಂದು ತಮಗೆ ತಾವೇ ಹೆಸರಿಟ್ಟುಕೊಂಡು ಕಾದಂಬರಿ ಬರೆಯಲು ಕೂತರು. ಬೆಳಿಗ್ಗೆ ಬರೆದದ್ದು ಸಂಜೆಗೆ ಪ್ರೆಸ್ಸಿಗೆ ಹೋಗುತ್ತಿತ್ತು. ಬರೆದದ್ದನ್ನು ತಿರುಗಿ ನೋಡಿದರೆ ಸ್ಫೂರ್ತಿ ಬತ್ತಿಹೋಗುತ್ತದೆ ಎಂದು ಅವರ ನಂಬಿಕೆ. ಕರಡು ತಿದ್ದುವ ಕೆಲಸ ಪ್ರೆಸ್ಸಿನವರದು, ಅವರು ತಲೆಬರಹಗಳನ್ನಷ್ಟೇ ತಿದ್ದಿದರು. ಹೀಗೆ ಹುಟ್ಟಿತು ‘ಏಳು ತಲೆಮಾರಿನ ಬೆವರು’ ಎಂಬ ಎಂಟುನೂರು ಪುಟದ ಕಾದಂಬರಿ.

ಬಿಡುಗಡೆಗೆ ಜನ ಕಿಕ್ಕಿರಿದಿದ್ದರು, ಕೇಸರಿಬಾತು ಎರಡೆರಡು ಸಲ ಬಡಿಸಿದ್ದರು. ಪುಸ್ತಕದ ಮೇಜಿನ ಹತ್ತಿರ ಬಂದಾಗ ಎಲ್ಲರದೂ ಒಂದೇ ಮಾತು: “ಇಲ್ಲಿ ಯಾಕೆ ಸಾರ್, ಮನೆಗೇ ಬಂದು ನಿಮ್ಮ ಕೈಯಿಂದ್ಲೇ ತಗೋತೀವಿ.” ಮನೆಗೆ ಯಾರೂ ಬರಲಿಲ್ಲ. ಸಾವಿರ ಪ್ರತಿ ಮುದ್ರಿಸಿದ್ದರಲ್ಲಿ ಬಹುಪಾಲು ನಡುಮನೆಯ ಮೇಲಿನ ಅಟ್ಟ ಸೇರಿತು. ಹೊಸ ಪುಸ್ತಕಗಳಲ್ಲವೇ, ಅಂದು ಅಕ್ಕನೂ ನಾನೂ ನಗುನಗುತ್ತ ಏಣಿಯ ಮೇಲೆ ನಿಂತು ಕಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿದ್ದೆವು.

ಮುಂದಿನ ಯುಗಾದಿಯ ಹೊತ್ತಿಗೆ ನಡುತೊಲೆ ಬಾಗಿತ್ತು. ನಡುಮನೆಯ ಬಾಗಿಲು ಚೌಕಟ್ಟಿಗೆ ಕೂರುತ್ತಿರಲಿಲ್ಲ. ಅಲ್ಲಿದ್ದ ಹಲ್ಲಿಗಳೆಲ್ಲ ಅಡುಗೆಮನೆಗೆ ವಲಸೆ ಬಂದಿದ್ದವು. ಆ ತೊಲೆಯ ನೇರ ಕೆಳಗೆ ರಾತ್ರಿ ಅಕ್ಕ, ಭಾವ ಇಬ್ಬರ ಹಾಸಿಗೆ. ಬೆಳಿಗ್ಗೆ ಸುತ್ತಿ ಮೂಲೆಗಿಡುವುದು, ಕತ್ತಲಾದರೆ ಮತ್ತೆ ಅಲ್ಲೇ ಬಿಚ್ಚಿ ಹಾಸುವುದು. ಬಡಗಿ ಮಾಣಿಕಾಚಾರಿಯನ್ನು ಕರೆದುಕೊಂಡು ಹೋದೆ. ಅವನು ತೊಲೆಯನ್ನು ಅಲ್ಲಲ್ಲಿ ತಟ್ಟಿ ನೋಡಿದ.

“ತೊಲೆ ಹಳೇದಾಯ್ತು, ಅಲ್ವೇನಯ್ಯಾ?” ಎಂದು ಭಾವ ತಾವೇ ಉತ್ತರ ಕೊಟ್ಟು ಕೇಳಿದರು.

“ತೇಗ ಸ್ವಾಮಿ, ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ. ಮೇಲಿರೋದನ್ನ ಇಳಿಸಿ. ಇಲ್ಲಾಂದ್ರೆ ನಡುವೆ ಒಂದು ಕಂಬ ನಿಲ್ಲಿಸ್ತೀನಿ.”

“ನನ್ನ ಕಾದಂಬರಿಗೆ ಊರುಗೋಲು ಕೊಡೋಕೆ ಬಂದ್ಯಾ?” ಎಂದರು ಭಾವ. ಆದರೂ ಮನುಷ್ಯ ಒಳ್ಳೆಯವರಲ್ಲವೇ, ಮಾಣಿಕಾಚಾರಿಗೆ ಕಾಫಿ ಕುಡಿಸಿ ಒಂದು ಪ್ರತಿಗೆ ಸಹಿ ಹಾಕಿ ಕೊಟ್ಟರು. ಅವನು ಅದನ್ನು ಏದುತ್ತ ಹೊರಗಿನ ಜಗಲಿಯವರೆಗೆ ಹೊತ್ತು, ಅಲ್ಲೇ ಮರೆತಂತೆ ಬಿಟ್ಟು ಹೋದ.

ಅಕ್ಕನನ್ನು ಹಿತ್ತಲಿಗೆ ಕರೆದೊಯ್ದು ಕೂರಿಸಿಕೊಂಡೆ. “ಅಕ್ಕ, ಇವತ್ತಿಂದ ಹಿಂದಿನ ಪಡಸಾಲೇಲಿ ಹಾಸ್ಕೊಂಡು ಮಲಗು. ಗಾಳೀನೂ ಚೆನ್ನಾಗಿ ಬರುತ್ತೆ.”

“ಹೆಂಗೆ ಮಲಗ್ಲೇ? ನಾನು ಹಾಸಿಗೆ ಎಳ್ಕೊಂಡು ಈ ಕಡೆ ಬಂದ್ರೆ ಅವರಿಗೆ ಏನು ಹೇಳಿದ ಹಾಗಾಯ್ತು?”

“ತೊಲೆ ಮುರಿಯುತ್ತೆ ಅಂತ ಹೇಳಿದ ಹಾಗಾಯ್ತು.”

“ಅಲ್ಲ ಕಣೆ. ನಿಮ್ಮ ಪುಸ್ತಕ ಯಾರೂ ಓದಲ್ಲ ಅಂತ ಹೇಳಿದ ಹಾಗಾಯ್ತು. ಊರೋರು ಹೇಳ್ಲಿ, ಪರವಾಗಿಲ್ಲ. ನಾನು ಹೇಳಿದ್ರೆ ಅವರು ತಡ್ಕೊಳಲ್ಲ.”

“ನೀನಾದ್ರೂ ಓದಿದ್ದೀಯಲ್ಲ, ಅದು ಸಾಲದಾ ಅವರಿಗೆ?”

“ಓದ್ದೆ ಕಣೆ, ಓದ್ದೆ” ಎಂದು ಅಕ್ಕ ಒಗೆದ ಬಟ್ಟೆ ಹಿಂಡಲು ಎದ್ದಳು.

ನನಗೆ ಅವಳ ಮೇಲೆ ಸಿಟ್ಟು ಬಂತು. ಗಂಡನಿಗಾಗಿ ಸಾಯುವುದಿದ್ದರೆ ಸಾಯಲು ಒಳ್ಳೆಯ ಪುಸ್ತಕವಾದರೂ ಬೇಡವೇ? ಆದರೆ ಅವಳು ನನಗೆ ಒಬ್ಬಳೇ ಅಕ್ಕ. ಅಮ್ಮ ಹೋದ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿದವಳು ಅವಳು. ಆ ಮನೆಯ ಕಡೆಯಿಂದ ಯಾರು ಅವಸರದಲ್ಲಿ ಬಂದರೂ ತೊಲೆ ಬಿತ್ತೇ ಎಂದು ಎದ್ದು ಹೊರಗೆ ಓಡುತ್ತಿದ್ದೆ. ಓದಿದ ಪ್ರತಿಯಷ್ಟೇ ಹಗುರವಾಗುವುದು, ಅಟ್ಟದ್ದನ್ನೆಲ್ಲ ಓದಲು ನನಗೆ ಈ ಜನ್ಮ ಸಾಲದು. ಯಾರಾದರೂ ಒಪ್ಪಿದರೆ ಪ್ರತಿಗಳನ್ನು ಆಳು ಹಿಡಿದು ಹಂಚಿಬಿಡೋಣವೆಂದು ಮನೆಮನೆ ಅಲೆದೆ. ನನ್ನ ಕೈಯಲ್ಲಿ ಖಾಲಿ ಚೀಲ ಕಂಡರೂ ಸಾಕು, ಜನ ಬಾಗಿಲು ಹಾಕಿಕೊಂಡು ಒಳಗಿನಿಂದ “ಮಡಿಯಲ್ಲಿದ್ದೀವಿ” ಎನ್ನುತ್ತಿದ್ದರು. ಜನ್ಮದಲ್ಲಿ ಮಡಿ ಉಟ್ಟವರಲ್ಲ.

ಆಗ ನನ್ನನ್ನು ಹುಡುಕಿಕೊಂಡು ಪ್ರೊಫೆಸರ್ ಷಡಕ್ಷರಯ್ಯ ಬಂದರು. ನಮ್ಮ ಸಾಹಿತ್ಯ ಸಂಘದ ಅಧ್ಯಕ್ಷರು ಅವರು. ಅಧ್ಯಕ್ಷರಾಗುವುದಕ್ಕೇ ಹುಟ್ಟಿದವರಂತೆ ಕುರ್ಚಿಯಲ್ಲಿ ಕೂರುತ್ತಾರೆ. ಚಿರಂತನರ ಕೃತಿಯ ಬಗ್ಗೆ ಸಂವಾದ ಇಟ್ಟುಕೊಂಡಿದ್ದೇವೆ, ಅವರ ಮನೆಯಲ್ಲೇ, ನೀವೊಂದು ಪ್ರತಿ ಓದಿಕೊಡಬೇಕು ಎಂದರು. ಅವರಿಗೆ ಯಾಕೆ ಬೇಕಿತ್ತೆಂದು ನನಗೆ ಗೊತ್ತು. ಪುಸ್ತಕದ ಬಗ್ಗೆ ಮಾತಾಡುವವರು ಮೊದಲು ಅದನ್ನು ಒಂದು ಕೈಯಲ್ಲಿ ಮೇಲೆತ್ತಿ ಸಭೆಗೆ ತೋರಿಸಬೇಕು ಎಂಬುದು ಸಂಘದ ನಿಯಮ. ಹಿಂದಿನವರು ಒಳ್ಳೆಯ ಉದ್ದೇಶದಿಂದ ಮಾಡಿದ್ದು. ಈಗಿನವರು ಓದಿದ ಪ್ರತಿಯೊಂದನ್ನು ಎಲ್ಲಿಂದಲಾದರೂ ಕಡ ತಂದು ವೇದಿಕೆಯ ಮೇಲಿಡುತ್ತಾರೆ, ಎಲ್ಲರೂ ಅದನ್ನೇ ಎತ್ತುತ್ತಾರೆ. ನಮ್ಮೂರಿನ ವಿಮರ್ಶೆಯೆಲ್ಲ ಹೀಗೇ ಬೆಳೆದದ್ದು. ಓದುವವಳು ನಾನೊಬ್ಬಳು, ಎತ್ತುವವರು ಸಾಲುಗಟ್ಟಿ ನಿಂತಿರುತ್ತಾರೆ.

“ಓದ್ತೀನಿ ಪ್ರೊಫೆಸರೇ. ಆದ್ರೆ ಸಭೆ ಮುಗಿದ ಕೂಡ್ಲೇ ಅಟ್ಟದ ಪ್ರತಿಗಳನ್ನೆಲ್ಲ ಸಂಘದ ನೆಲಮಾಳಿಗೆಗೆ ಸಾಗಿಸ್ಬೇಕು. ಚಿರಂತನ ಸಂಗ್ರಹ ಅಂತ ಒಂದು ಬೋರ್ಡು ಹಾಕಿ, ಭಾವನಿಗೂ ಬೇಜಾರಾಗಲ್ಲ” ಎಂದೆ.

“ಅದಕ್ಕೇನಂತೆ ತಾಯಿ, ಆಗ್ಲಿ ಆಗ್ಲಿ” ಎಂದರು. ಎರಡು ಸಲ ಆಗಲಿ ಎಂದವರನ್ನು ನಂಬಬಾರದಿತ್ತು.

ಜಗಲಿಯ ಮೇಲೆ ಬಡಗಿ ಬಿಟ್ಟುಹೋದ ಪ್ರತಿಯನ್ನೇ ಇಬ್ಬರು ಹೊತ್ತು ನಮ್ಮ ಮನೆಗೆ ತಂದು ಹಾಕಿದರು. ನೆಲದ ಮೇಲಿಟ್ಟುಕೊಂಡು, ಎದುರಿಗೆ ಬೋರಲಾಗಿ ಮಲಗಿ ಓದಿದೆ. ಏಳು ತಲೆಮಾರಿನ ಏಳು ಗಂಡಸರೂ ಗುಡುಗು ಸಿಡಿಲಿನ ನಡುವೆ ಹುಟ್ಟುತ್ತಾರೆ, ಬೆಳೆದು ಒಂದು ಬಂಡೆಯ ಮೇಲೆ ನಿಲ್ಲುತ್ತಾರೆ, ನಿಂತು ಕಾಲದ ಬಗ್ಗೆ ಯೋಚಿಸುತ್ತಾರೆ. ಬಂಡೆಯೂ ಒಂದೇ, ಯೋಚನೆಯೂ ಒಂದೇ. ಬೆವರುವುದು ಯಾವಾಗ ಎಂದು ನಾನು ಕಾದೆ. ಯಾರೂ ಕೆಲಸ ಮಾಡುವುದಿಲ್ಲ, ಬೆವರೆಲ್ಲಿಂದ ಬರಬೇಕು? ಹೆಂಗಸರು ದೀಪ ಹಚ್ಚುತ್ತಾರೆ, ಹಡೆಯುತ್ತಾರೆ, ಸಾಯುತ್ತಾರೆ, ಮಾತಾಡಲು ಪುರಸೊತ್ತಿಲ್ಲ. ಮೂರನೆಯ ತಲೆಮಾರಿನಲ್ಲಿ ಹಾವು ಕಚ್ಚಿ ಸತ್ತ ಚಿಕ್ಕಪ್ಪ ಐದನೆಯದರಲ್ಲಿ ಮದುವೆಗೆ ಬಂದು ಪಾಯಸ ಕುಡಿದು ಹೋಗುತ್ತಾನೆ. ನಾನು ಪುಟಕ್ಕೊಂದು ಸಲ ಭಾವನನ್ನು ಬೈದೆ.

ಹೀಗಿರುತ್ತ ಒಂಬತ್ತನೆಯ ಅಧ್ಯಾಯ ಬಂತು. ಅಲ್ಲೊಬ್ಬ ಸೊಸೆ, ಸದಾ ಗೊಣಗುವ ಅತ್ತೆಯ ಹಲ್ಲುಸೆಟ್ಟನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಾಳೆ. ಹಲ್ಲಿಲ್ಲದೆ ಅತ್ತೆ ಬೈದರೆ ಬೈಗಳೆಲ್ಲ ಜೋಗುಳದ ಹಾಗೆ ಕೇಳಿಸುತ್ತದೆ, ಮನೆಗೆ ಬಂದವರು ಎಷ್ಟು ಮೃದು ಸ್ವಭಾವದ ಮುದುಕಿ ಎಂದು ಹೊಗಳಿ ಹೋಗುತ್ತಾರೆ. ಅದನ್ನು ಓದಿ ಒಬ್ಬಳೇ ಹೊರಳಾಡಿ ನಕ್ಕೆ. ಅದು ನಡೆದದ್ದು, ಮಾಡಿದವಳು ನಮ್ಮಕ್ಕ. ಭಾವ ಎಲ್ಲ ನೋಡಿಯೂ ಸುಮ್ಮನಿದ್ದು, ಒಳಗೊಳಗೇ ನಕ್ಕು, ಇಷ್ಟು ವರ್ಷ ಜತನವಾಗಿ ಇಟ್ಟುಕೊಂಡಿದ್ದರು. ಆ ಕೆಲವು ಪುಟಗಳಲ್ಲಿ ಮಾತ್ರ ಚಿರಂತನ ಇರಲಿಲ್ಲ, ಪಟ್ಟಾಭಿ ಇದ್ದರು. ಅದು ಮುಗಿದ ಕೂಡಲೇ ಮತ್ತೆ ಗುಡುಗು, ಮತ್ತೆ ಬಂಡೆ. ನನಗೆ ನಿಜವಾದ ಸಿಟ್ಟು ಬಂದದ್ದು ಆಗ. ಬರೆಯಲು ಬರದವನು ಕೆಟ್ಟದಾಗಿ ಬರೆದರೆ ಪಾಪ ಎನ್ನಬಹುದು, ಬರುವವನಿಗೆ ಏನಾಗಿತ್ತು ರೋಗ?

ಸಂವಾದದ ದಿನ ನಡುಮನೆಗೆ ಜಮಖಾನ ಹಾಸಿದ್ದರು. ನಮ್ಮೂರಿನವರು ಸಭೆಗೆ ಬಂದರೆ ಮೊದಲು ತಲೆಯ ಮೇಲಿನ ಮಾಡು ನೋಡುತ್ತಾರೆ, ಆಮೇಲೆ ಕೂರುತ್ತಾರೆ. ಬಂದವರೆಲ್ಲ ತಲೆಯೆತ್ತಿ ತೊಲೆಯನ್ನು ನೋಡಿ, ಏನೂ ಕಾಣದವರಂತೆ ನಾಲ್ಕು ಗೋಡೆಗಳಿಗೂ ಬೆನ್ನು ಹಚ್ಚಿ ಕೂತರು. ಷಡಕ್ಷರಯ್ಯ ಅಧ್ಯಕ್ಷರ ಕುರ್ಚಿಯನ್ನು ಹೊಸ್ತಿಲಿನ ಹತ್ತಿರಕ್ಕೆ ಎಳೆಸಿಕೊಂಡರು. ನಡುವಿನ ಜಮಖಾನದ ಮೇಲೆ ಉಳಿದವರು ಇಬ್ಬರೇ, ಜರತಾರಿ ಶಾಲು ಹೊದ್ದ ಭಾವ, ಅವರ ಪಕ್ಕದಲ್ಲಿ ರೇಷ್ಮೆ ಸೀರೆಯ ಅಕ್ಕ. ಜನ ಗೌರವದಿಂದ ದೂರ ಕೂತಿದ್ದಾರೆಂದು ಭಾವ ತಿಳಿದಂತಿತ್ತು.

ಒಬ್ಬೊಬ್ಬರಾಗಿ ಎದ್ದು ಬಂದು ನಾನು ಓದಿದ ಪ್ರತಿಯನ್ನು ಒಂದು ಕೈಯಲ್ಲಿ ಎತ್ತಿ ತೋರಿಸಿ ಮಾತಾಡಿದರು. ಒಬ್ಬರು ಇದರ ಹರವು ದೊಡ್ಡದು ಎಂದರು. ಇನ್ನೊಬ್ಬರು ಆಳ ದೊಡ್ಡದು ಎಂದರು. ಮೂರನೆಯವರಿಗೆ ಏನೂ ಉಳಿದಿರಲಿಲ್ಲ, ಮುಖಪುಟದ ಬಣ್ಣ ಹೊಗಳಿ ಕೂತರು. ಷಡಕ್ಷರಯ್ಯನವರು ಮಾತ್ರ ಯಾವ ಪುಸ್ತಕಕ್ಕೂ ಹೊಂದುವ ತಮ್ಮ ಮಾಮೂಲಿ ಭಾಷಣವನ್ನು ಪೂರ್ತಿ ಮಾಡಿದರು. ಪುಸ್ತಕ ಪ್ರತಿ ಸಲ ಗರಿಯ ಹಾಗೆ ಮೇಲೇಳುವುದನ್ನು ಭಾವ ನೋಡುತ್ತಲೇ ಇದ್ದರು. ಅವರ ಕಣ್ಣು ತುಂಬಿ ಬಂತು. “ನೋಡಿದ್ಯಾ ಇಂದೂ, ಎಲ್ಲರೂ ಓದಿದ್ದಾರೆ” ಎಂದು ಅಕ್ಕನ ಕಡೆ ಬಾಗಿ ಹೇಳಿದರು. ಅದು ನನ್ನ ಕಿವಿಗೆ ಬಿತ್ತು.

ಅಷ್ಟಕ್ಕೆ ನಿಂತಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆನೇನೋ. ಷಡಕ್ಷರಯ್ಯ ಕೊನೆಯಲ್ಲಿ, ಇಂಥ ಕೃತಿಗೆ ಎರಡನೆಯ ಮುದ್ರಣ ಬರಲಿ ಎಂದು ಹಾರೈಸಿದರು. ನೆಲಮಾಳಿಗೆಯ ಮಾತು ಅವರಿಗೆ ನೆನಪಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಭಾವ ಎದ್ದು ಕೈಮುಗಿದು, “ನಾಳೇನೇ ಪ್ರೆಸ್ಸಿಗೆ ಹೇಳ್ತೀನಿ. ಇಡೋಕೆ ಅಟ್ಟದ ಮೇಲೆ ಇನ್ನೂ ಜಾಗ ಇದೆ” ಎಂದರು. ಆ ಹೊತ್ತಿಗೆ ಮೇಲೆ ತೊಲೆ ಲಟಕ್ಕೆಂದಿತು. ಒಂದು ಹಿಡಿ ಮಣ್ಣು ಅಕ್ಕನ ತಲೆಯ ಮೇಲೆ ಉದುರಿತು. ಗೋಡೆಗೆ ಕೂತವರು ಇನ್ನಷ್ಟು ಗೋಡೆಗೆ ಒತ್ತಿಕೊಂಡರು. ಅಕ್ಕ ಮಣ್ಣು ಕೊಡವಿಕೊಂಡು ಗಂಡನ ಕಡೆ ನೋಡಿ ನಕ್ಕಳು. ಆ ನಗು ನೋಡಿ ನನಗೆ ತಡೆಯಲಾಗಲಿಲ್ಲ.

“ಭಾವ, ಇವರೆಲ್ಲ ಎತ್ತಿದ್ದು ನಾನು ಓದಿದ ಪ್ರತಿ” ಎಂದು ಎದ್ದು ನಿಂತೆ. “ಇವರ್ಯಾರೂ ಓದಿಲ್ಲ. ಬೇಕಾದ್ರೆ ಅಟ್ಟದಿಂದ ಇನ್ನೊಂದು ಇಳಿಸಿ, ಯಾರಾದ್ರೂ ಎತ್ತಲಿ ನೋಡೋಣ.”

ಎತ್ತಲು ಯಾರೂ ಬರಲಿಲ್ಲ. ಷಡಕ್ಷರಯ್ಯನವರು ಕೈಗಡಿಯಾರ ನೋಡಿಕೊಂಡರು. ಭಾವನ ಮುಖ ಕಪ್ಪಿಟ್ಟಿತು. ಆದರೂ ಮೇಷ್ಟರಾಗಿದ್ದವರು, ತಡೆದುಕೊಂಡು ಕೇಳಿದರು. “ಸರಿ. ನೀನು ಓದಿದ್ದೀಯಲ್ಲ. ಹೇಳು, ಹೇಗಿದೆ?”

ಇಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಆ ಪ್ರಶ್ನೆ ಕೇಳಿದರು. ಕೇಳಿದವರು ಭಾವನೇ ಆಗಬೇಕಿತ್ತೇ? “ಚೆನ್ನಾಗಿಲ್ಲ ಭಾವ” ಎಂದೆ. “ನಿಮ್ಮ ಗಂಡಸರೆಲ್ಲ ಬಂಡೆ ಮೇಲೆ ನಿಂತ್ಕೊಂಡು ಭಾಷಣ ಮಾಡ್ತಾರೆ. ಸತ್ತೋರು ಊಟಕ್ಕೆ ಬರ್ತಾರೆ. ಒಂಬತ್ತನೇ ಅಧ್ಯಾಯದಲ್ಲಿ ಹಲ್ಲುಸೆಟ್ಟಿನ ಕತೆ ಇದೆಯಲ್ಲ, ಅದೊಂದು ಬಂಗಾರ. ಅದನ್ನ ಮಾತ್ರ ಇಟ್ಕೊಂಡು ಮಿಕ್ಕಿದ್ದು ಬಿಟ್ಟಿದ್ರೆ ಈ ತೊಲೆ ಇವತ್ತು ನೆಟ್ಟಗಿರ್ತಿತ್ತು.”

“ಹಲ್ಲುಸೆಟ್ಟು” ಎಂದರು ಭಾವ, ಯಾರದೋ ಪುಸ್ತಕದ ಮಾತು ಕೇಳಿದವರಂತೆ. ಆಮೇಲೆ ಹೆಂಡತಿಯ ಕಡೆ ತಿರುಗಿದರು. “ಇಂದೂ, ಇವಳು ಬಾಯಿಗೆ ಬ್ರೇಕ್ ಇಲ್ಲದೋಳು. ನೀನು ಓದಿದ್ದೀಯ. ಮೊದಲನೇ ಪ್ರತಿ ನಿಂಗೇ ಕೊಟ್ಟಿದ್ದು. ನೀನು ಹೇಳು.”

ಅಕ್ಕ ಸೆರಗಿನ ಅಂಚು ನೀವುತ್ತ ಕೂತಿದ್ದಳು. ಹೌದು ಚೆನ್ನಾಗಿದೆ ಎಂದು ಅಂದುಬಿಡುತ್ತಾಳೆ, ರಾತ್ರಿ ಮತ್ತೆ ಅಲ್ಲೇ ಹಾಸಿಗೆ ಬಿಚ್ಚುತ್ತಾಳೆ ಎಂದುಕೊಂಡೆ. ಅವಳು ಒಮ್ಮೆ ಮೇಲೆ ನೋಡಿದಳು. “ನನ್ನ ಪ್ರತಿ ಅಡುಗೆಮನೇಲಿದೆ. ಉಪ್ಪಿನಕಾಯಿ ಭರಣಿ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಿದ್ದೀನಿ. ಹೋಗಿ ತಗೊಂಡ್ಬನ್ನಿ” ಎಂದಳು.

ಭಾವ ಒಳಗೆ ಹೋದರು. ಒಳಗಿನಿಂದ ಒಮ್ಮೆ ಏದುಸಿರು ಕೇಳಿಸಿತು, ಸ್ವಲ್ಪ ಬಿಟ್ಟು ಇನ್ನೊಮ್ಮೆ. ಅವರು ಬರಿಗೈಯಲ್ಲಿ ಹೊರಗೆ ಬಂದು ಅಂಗೈಯನ್ನು ಪಂಚೆಗೆ ಒರೆಸಿಕೊಂಡರು. ಅವರು ಏನಾದರೂ ಕೂಗಾಡಿದ್ದರೆ ಚೆನ್ನಾಗಿತ್ತು. ಅಕ್ಕ ಎದ್ದು, ಮೂಲೆಯಲ್ಲಿ ಸುತ್ತಿಟ್ಟಿದ್ದ ತನ್ನ ಹಾಸಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಅಷ್ಟು ಜನರ ಎದುರಿಗೆ ನಡುಮನೆ ದಾಟಿ ಹಿಂದಿನ ಪಡಸಾಲೆಗೆ ಹೋದಳು. ಅಳುತ್ತಿದ್ದಳು, ಆದರೆ ಹೆಜ್ಜೆ ನಿಲ್ಲಿಸಲಿಲ್ಲ. ನಮ್ಮೂರಿನಲ್ಲಿ ಒಂದು ಪುಸ್ತಕದ ಬಗ್ಗೆ ಅಷ್ಟು ನೇರವಾದ ಅಭಿಪ್ರಾಯವನ್ನು ನಾನು ಬೇರೆ ನೋಡಿಲ್ಲ.

ಜನ ಉಪ್ಪಿಟ್ಟಿಗೂ ನಿಲ್ಲದೆ ಚಪ್ಪಲಿ ಹುಡುಕಿಕೊಂಡರು. ಷಡಕ್ಷರಯ್ಯನವರು ಹೋಗುವಾಗ ತಮಗೆ ಹಾಕಿದ್ದ ಹಾರವನ್ನು ಮಾತ್ರ ಮರೆಯದೆ ಒಯ್ದರು, ಸಂಜೆ ಇನ್ನೊಂದು ಸಭೆಯಿತ್ತಂತೆ. ಭಾವ ಯಾರಿಗೂ ಹೋಗಿ ಬನ್ನಿ ಎನ್ನಲಿಲ್ಲ. ಏಣಿ ಹಾಕಿ, ಅಟ್ಟದ ಅಂಚಿನಲ್ಲಿದ್ದ ಒಂದು ಪ್ರತಿಯನ್ನು ಹೇಗೋ ಎಳೆದು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಮೆಟ್ಟಿಲಿಗೆ ನಿಂತು ಇಳಿಸಿದರು. ನಾನು ಕೈಕೊಡಲು ಹೋದರೆ ಬೇಡವೆಂದರು. “ಯಾರೂ ಓದದೆ ಹೋದ್ರೆ ಬೇಡ. ನಾನು ಓದ್ತೀನಿ. ಇದೊಂದೇ ಅಲ್ಲ, ಎಲ್ಲಾನೂ ಒಂದೊಂದಾಗಿ ಓದಿ ಹಗುರ ಮಾಡ್ತೀನಿ. ಆಮೇಲೆ ನೀವಿಬ್ರೂ ನೋಡಿ” ಎಂದು ನಡುತೊಲೆಯ ನೇರ ಕೆಳಗೆ, ಜಮಖಾನದ ಮೇಲೆ, ಕನ್ನಡಕ ಏರಿಸಿ ಕೂತರು. ಬರೆದ ಮೇಲೆ ಅವರು ಅದನ್ನು ತೆರೆದದ್ದು ಅದೇ ಮೊದಲು.

ಅಕ್ಕನೂ ನಾನೂ ಹಿಂದಿನ ಪಡಸಾಲೆಯಲ್ಲಿ ಉಳಿದ ಉಪ್ಪಿಟ್ಟು ಮುಂದಿಟ್ಟುಕೊಂಡು ಕೂತೆವು. ನಾನು ಮಾಡಿದ್ದು ಸರಿಯೇ ಎಂದು ಕೇಳಿದೆ. “ಸರಿಯೋ ತಪ್ಪೋ, ತಲೇಲಿ ಮಣ್ಣು ನಿಂತಿದೆ, ನೋಡು” ಎಂದು ಅವಳು ತಲೆ ಬಗ್ಗಿಸಿ ಕೊಟ್ಟಳು. ನಾನು ಕೂದಲು ಬಿಡಿಸಿ ಮಣ್ಣು ತೆಗೆದೆ. ನಡುಮನೆಯಿಂದ ಪುಟ ತಿರುಗುವ ಸದ್ದು ಬರುತ್ತಿತ್ತು. ಮೊದಮೊದಲು ಬೇಗಬೇಗ ಬರುತ್ತಿದ್ದುದು ಆಮೇಲೆ ನಿಧಾನವಾಯಿತು. ಒಂದು ಸಲ ಭಾವ ಆಕಳಿಸಿದ ಹಾಗೆ ಕೇಳಿಸಿತು, ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬಿಸಿಲು ಹಿತ್ತಲ ಗೋಡೆ ಬಿಟ್ಟು ಹೋಯಿತು. ಸದ್ದು ಮತ್ತೂ ನಿಧಾನವಾಗಿ, ಕಡೆಗೆ ನಿಂತೇಹೋಯಿತು.

ದೀಪ ಹಚ್ಚುವ ಹೊತ್ತಿಗೆ ಭಾವ ಪಡಸಾಲೆಯ ಬಾಗಿಲಲ್ಲಿ ಬಂದು ನಿಂತರು. ಜರತಾರಿ ಶಾಲು ಇರಲಿಲ್ಲ. ಕಂಕುಳಲ್ಲಿ ಅವರ ಹಾಸಿಗೆ ಇತ್ತು, ಕೈಯಲ್ಲಿ ಕನ್ನಡಕ. ಅಕ್ಕನನ್ನಾಗಲಿ ನನ್ನನ್ನಾಗಲಿ ನೋಡದೆ ನೆಲದ ಕಡೆ ನೋಡುತ್ತ ಹೇಳಿದರು.

“ಆರನೇ ಅಧ್ಯಾಯದವರೆಗೂ ಓದ್ದೆ, ಇಂದೂ.”

ಅಕ್ಕ ತನ್ನ ಹಾಸಿಗೆಯನ್ನು ಗೋಡೆಯ ಕಡೆಗೆ ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು.

“ಅಷ್ಟು ದೂರ ಹೋದ್ರಾ?” ಎಂದಳು.